ಮಂಜಿನಲ್ಲಿ ಮಡಿಕೇರಿ ತೋರಿಸಿದ ಮಾವ

ನನ್ನ ಸೋದರಮಾವನಷ್ಟು ಸಲ ರಾಜಾಸೀಟಿಗೆ ಹೋದ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ಆ ಸೀಟಿನ ಮೇಲೆ ಕೂತು ಸೂರ್ಯಾಸ್ತ ನೋಡುತ್ತಿದ್ದರಂತಲ್ಲ, ಆ ರಾಜರೂ ಇಷ್ಟು ಸಲ ಹೋಗಿರಲಾರರು! ಹಾಗೆಯೇ, ಅಷ್ಟು ಸಲ ಹೋಗಿಯೂ ಅದನ್ನು ಒಂದೇ ಒಂದು ಸಲವೂ ನೋಡದೆ ಬಂದ ಮನುಷ್ಯರೂ ಅವರೊಬ್ಬರೇ.

ಇದರಲ್ಲಿ ಒಗಟೇನೂ ಇಲ್ಲ. ಮಾವ ಮೂವತ್ತು ವರ್ಷದಿಂದ ಪ್ರವಾಸಿಗರ ವ್ಯಾನ್ ಓಡಿಸುವವರು. ಬೆಳಿಗ್ಗೆ ಸುಂಟಿಕೊಪ್ಪದ ಮನೆ ಬಿಟ್ಟು ಮಡಿಕೇರಿ ಸೇರಿ, ಲಾಡ್ಜುಗಳ ಮುಂದೆ ಜನರನ್ನು ತುಂಬಿಕೊಂಡು, ಊರೆಲ್ಲ ತೋರಿಸಿ, ಸಂಜೆ ಅದೇ ಲಾಡ್ಜಿನ ಮುಂದೆ ಇಳಿಸುವುದು ಅವರ ಕೆಲಸ. ತೋರಿಸುವುದು ಎಂದರೆ ಏನು? ಗಾಡಿ ನಿಲ್ಲಿಸಿ, ಹಿಂದಕ್ಕೆ ಕತ್ತು ತಿರುಗಿಸಿ, "ಇಲ್ಲಿ ಇಪ್ಪತ್ತು ನಿಮಿಷ" ಎಂದು ಹೇಳುವುದು. ಜನ ಇಳಿಯುತ್ತಾರೆ. ಮಾವ ಸ್ಟೇರಿಂಗಿನ ಮೇಲೆ ಟವೆಲು ಹಾಸಿ, ಅದರ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುತ್ತಾರೆ. ಜನ ಹತ್ತುತ್ತಾರೆ. ಮುಂದಿನ ಜಾಗ. ಮತ್ತೆ ಟವೆಲು!

ಹೀಗಾಗಿ ಮಾವನಿಗೆ ಮಡಿಕೇರಿ ಗೊತ್ತಿರುವುದು ನಿಮಿಷಗಳಲ್ಲಿ. ರಾಜಾಸೀಟು ಇಪ್ಪತ್ತು, ಕೋಟೆ ಹದಿನೈದು, ಓಂಕಾರೇಶ್ವರ ದೇವಸ್ಥಾನ ಅರ್ಧ ಗಂಟೆ. ಅಬ್ಬಿ ಜಲಪಾತಕ್ಕೆ ಒಂದು ಗಂಟೆ, ದಪ್ಪ ಇರುವವರಿದ್ದರೆ ಮೆಟ್ಟಿಲು ಹತ್ತಿ ಬರಲು ಇನ್ನೂ ಹತ್ತು ನಿಮಿಷ. ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ: "ಮಾವ, ಅಬ್ಬಿ ಫಾಲ್ಸ್ ಹೇಗಿದೆ?"

ಮಾವ ತುಂಬಾ ಯೋಚಿಸಿ ಹೇಳಿದರು: "ಶಬ್ದ ಚೆನ್ನಾಗಿದೆ."

ಮದುವೆ ಏಕಾಗಲಿಲ್ಲ ಎಂದು ಕೇಳಿದವರಿಗೂ ಅವರ ಉತ್ತರ ಸಿದ್ಧವಿರುತ್ತಿತ್ತು. "ಬಂದೋಳು ಕಿಟಕಿ ಸೀಟು ಕೇಳ್ತಾಳೆ. ಅದೆಲ್ಲ ಟೂರಿಸ್ಟ್‌ಗೆ ಬುಕ್ಕಾಗಿದೆ."

ಇಂಥವರಿಗೆ ಊರು ನೋಡುವ ವಿಷಯದಲ್ಲಿ ಒಂದು ಸಿದ್ಧಾಂತವೂ ಇದೆ ಎಂದರೆ ನೀವು ನಂಬಬೇಕು. ಅವರ ಪ್ರಕಾರ ಮಡಿಕೇರಿ ವರ್ಷಕ್ಕೆ ನಾಲ್ಕು ಸಲ ಹಾಳಾಗುತ್ತದೆ. ಬೇಸಿಗೆ ರಜೆಯಲ್ಲಿ ಒಮ್ಮೆ, ಮಳೆ ನೋಡಲೆಂದೇ ಬರುವ ಹುಚ್ಚರಿಂದ ಒಮ್ಮೆ, ದಸರೆಯಲ್ಲಿ ಒಮ್ಮೆ, ಡಿಸೆಂಬರಿನ ಕೊನೆಗೆ ಒಮ್ಮೆ. ಈ ನಾಲ್ಕರ ನಡುವೆ ದೀಪಾವಳಿ ಕಳೆದ ಮೇಲೆ ಮೂರು ನಾಲ್ಕು ವಾರ ಉಳಿದುಕೊಳ್ಳುತ್ತದೆ. ಶರದೃತು ಮುಗಿಯುತ್ತ ಬಂದಿರುತ್ತದೆ, ಚಳಿ ಪೂರ್ತಿ ಬಂದಿರುವುದಿಲ್ಲ. ಬೆಳಗಿನ ಮಂಜು ಮಧ್ಯಾಹ್ನವಾದರೂ ಎದ್ದು ಹೋಗುವುದಿಲ್ಲ. ದೂರದ ಸಮುದ್ರದಲ್ಲಿ ಎಲ್ಲೋ ಗಾಳಿ ಎದ್ದರೆ ಇಲ್ಲಿ ಮೂರು ದಿನ ಸೋನೆ ಹಿಡಿಯುತ್ತದೆ. ಬೆಂಚುಗಳೆಲ್ಲ ಒದ್ದೆ. ಚಾಕೊಲೇಟು, ಏಲಕ್ಕಿ, ಜೇನುತುಪ್ಪ ಮಾರುವ ಅಂಗಡಿಗಳ ಮುಂದೆ ನೀಲಿ ಪ್ಲಾಸ್ಟಿಕ್ ಹಾಳೆ ಇಳಿಬಿದ್ದಿರುತ್ತದೆ. ಆ ಮೂರು ನಾಲ್ಕು ವಾರ ಮಾತ್ರ ಮಾವನ ಪಾಲಿಗೆ ಅಸಲಿ ಮಡಿಕೇರಿ.

"ಆಗ ಬರ್ತಾರಲ್ಲ, ಅವರೇ ನೋಡು ಊರು ನೋಡೋಕೆ ಬರೋರು," ಎನ್ನುತ್ತಿದ್ದರು. "ಮಿಕ್ಕೋರೆಲ್ಲ ಬರೋದು ಅವರವರ ಮುಖ ನೋಡ್ಕೊಳೋಕೆ. ಹಿಂದೆ ಒಂದು ಗುಡ್ಡ ಇದ್ರಾಯ್ತು."

ನವೆಂಬರಿನ ಗಿರಾಕಿಗಳೆಂದರೆ ಅವರಿಗೆ ವಿಶೇಷ ಮರ್ಯಾದೆ. ಒಂಟಿಯಾಗಿ ಬಂದು ಹಿಂದಿನ ಸೀಟಿನಲ್ಲಿ ಮುದುಡಿ ಕೂರುವ ಗಂಡಸರು. ಪಕ್ಕಪಕ್ಕದಲ್ಲೇ ಕೂತು ಒಬ್ಬರು ಈ ಕಿಟಕಿಯಲ್ಲಿ, ಇನ್ನೊಬ್ಬರು ಆ ಕಿಟಕಿಯಲ್ಲಿ ನೋಡುವ ಗಂಡ ಹೆಂಡತಿ. ಯಾರನ್ನೋ ಕಳೆದುಕೊಂಡು ಊರಿಂದೂರಿಗೆ ತಿರುಗುವ ವಯಸ್ಸಾದ ಅಕ್ಕತಂಗಿಯರು. "ಅವರು ಏನೂ ಕೇಳಲ್ಲ, ನಾನೂ ಏನೂ ಹೇಳಲ್ಲ. ಈ ಮಂಜು ಯಾವಾಗ ಹೋಗುತ್ತೆ ಅಂತಾನೂ ಕೇಳಲ್ಲ ಪಾಪ!" ಎನ್ನುವಾಗ ಮಾವನ ದನಿ ತೇವವಾಗುತ್ತಿತ್ತು. ನಾವು ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಗುವವರಿಗೆ ಏನು ಗೊತ್ತಿರುತ್ತದೆ ಹೇಳಿ?

ಎರಡು ವರ್ಷದ ಹಿಂದಿನ ಮಾತು. ಹೆರಿಗೆಗೆಂದು ಹಾಸನದಿಂದ ಸುಂಟಿಕೊಪ್ಪದ ತವರಿಗೆ ಬಂದಿದ್ದೆ. ಎಂಟು ತಿಂಗಳು ತುಂಬಿತ್ತು. ದಸರೆಗೆ ಒಂದು ವಾರವಿದೆ ಎನ್ನುವಾಗ, ಒಂದು ಬೆಳಿಗ್ಗೆ ಹೊಟ್ಟೆಯೊಳಗಿನ ಓಡಾಟ ನಿಂತುಹೋಯಿತು. ಮಾವನ ವ್ಯಾನಿನಲ್ಲೇ ಮಡಿಕೇರಿಯ ಆಸ್ಪತ್ರೆಗೆ ಹೋದೆ. ಮರುದಿನ ಹೆಣ್ಣುಮಗು ಹುಟ್ಟಿತು. ಅಳಲಿಲ್ಲ. ತಾಯಿ ನೋಡುವುದು ಬೇಡ, ನೋಡಿದರೆ ಜೀವಮಾನವಿಡೀ ಮರೆಯಲಾಗುವುದಿಲ್ಲ ಎಂದು ಹಿರಿಯರು ತೀರ್ಮಾನಿಸಿದರಂತೆ. ನಾನು ಔಷಧಿಯ ಮಂಪರಿನಲ್ಲಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ. ಕಣ್ಣು ಬಿಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇಷ್ಟನ್ನು ಇಷ್ಟೇ ಮಾತಿನಲ್ಲಿ ಹೇಳಲು ನನಗೆ ಎರಡು ವರ್ಷ ಬೇಕಾಯಿತು.

ಆಮೇಲೆ ಶುರುವಾಯಿತು ನೋಡಿ, ಕೂಸಿಲ್ಲದ ಬಾಣಂತನ! ಅಮ್ಮ ಯಾವುದನ್ನೂ ಬಿಡಲಿಲ್ಲ. ಎಣ್ಣೆ ನೀರು, ಬೆಳ್ಳುಳ್ಳಿ, ಸೊಂಟಕ್ಕೆ ಬಿಗಿಯಾಗಿ ಸುತ್ತಿದ ಹಳೇ ಸೀರೆ, ಕಿವಿಗೆ ಹತ್ತಿ, ತಲೆಗೆ ಮಫ್ಲರು, ಮಂಚದ ಕೆಳಗೆ ಕೆಂಡದ ಬಾಣಲೆ. ಎದೆಯ ಹಾಲು ಬತ್ತಲೆಂದು ಮಲ್ಲಿಗೆ ಹೂ ಕಟ್ಟಿದರು. ಮಲ್ಲಿಗೆ ಎಂದರೆ ಪ್ರಾಣ ಬಿಡುತ್ತಿದ್ದವಳು ನಾನು. ಆ ವಾಸನೆಗೆ ಈಗಲೂ ಬಸ್ಸಿನಲ್ಲಿ ಸೀಟು ಬದಲಾಯಿಸುತ್ತೇನೆ.

ನೋಡಲು ಬಂದವರ ಸಮಾಧಾನದ ಮಾತುಗಳನ್ನು ಕೇಳಬೇಕಿತ್ತು ನೀವು! "ಹೋಗಲಿ ಬಿಡು, ವಯಸ್ಸಿದೆ, ಇನ್ನೊಂದು ಆಗುತ್ತೆ" ಎನ್ನುವುದು ಎಲ್ಲರ ಬಾಯಲ್ಲೂ ಒಂದೇ. ಬಸ್ಸು ತಪ್ಪಿಸಿಕೊಂಡವಳಿಗೆ ಮುಂದಿನದು ಎಂಟೂಕಾಲಿಗಿದೆ ಎಂದ ಹಾಗೆ. ಯಜಮಾನರು ಭಾನುವಾರ ಬರುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂತು, "ಊಟ ಆಯ್ತಾ?" ಎನ್ನುತ್ತಿದ್ದರು. "ಆಯ್ತು" ಎನ್ನುತ್ತಿದ್ದೆ. ಮತ್ತೆ ಅರ್ಧ ಗಂಟೆ ಬಿಟ್ಟು ನಾನು, "ಕಾಫಿ ಕುಡಿದ್ರಾ?" ಎನ್ನುತ್ತಿದ್ದೆ. ಇಬ್ಬರೂ ಒಳ್ಳೆಯವರೇ. ಆದರೆ ಆ ಒಂದು ಹೆಸರಿಲ್ಲದ ಹೆಸರನ್ನು ಎತ್ತಲು ಇಬ್ಬರಿಗೂ ನಾಲಿಗೆ ಬರುತ್ತಿರಲಿಲ್ಲ. ಅವರು ಹೋದ ಮೇಲೆ ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಆ ಗೋಡೆಯ ಮೇಲಿನ ಹಲ್ಲಿಯ ದಿನಚರಿ ಬರೆಯಲು ಹೇಳಿದರೆ ಒಂದು ಪುಸ್ತಕ ಬರೆದೇನು. ತಿನ್ನುವುದು ಬೇಡ, ಏಳುವುದು ಬೇಡ, ಯಾರ ಮುಖವೂ ಬೇಡ. ಬೆಳಗಾಗುವುದೇ ಒಂದು ಅನ್ಯಾಯ ಎನಿಸುತ್ತಿದ್ದ ದಿನಗಳು.

ಅಂಥ ಒಂದು ದಿನ, ನವೆಂಬರಿನ ಮಧ್ಯಭಾಗ, ನಲವತ್ತು ದಿನ ಇನ್ನೂ ತುಂಬಿರಲಿಲ್ಲ. ಅಂಗಳದಲ್ಲಿ ವ್ಯಾನಿನ ಹಾರ್ನು ಕೇಳಿತು. ಪಕ್ಕದ ಬೀದಿಯಲ್ಲೇ ಇರುವ ಮಾವ ನಡೆದು ಬರಬಹುದಿತ್ತು. ಗಾಡಿ ತಂದಿದ್ದಾರೆಂದರೆ ಏನೋ ಇದೆ ಎಂದು ಅಮ್ಮ ಸೌಟು ಹಿಡಿದೇ ಹೊರಗೆ ಹೋದರು.

"ಅಕ್ಕಾ, ಅವಳನ್ನ ಕಳ್ಸು. ಸೈಟ್ ಸೀಯಿಂಗ್‌ಗೆ ಕರ್ಕೊಂಡು ಹೋಗ್ತೀನಿ."

"ಎಂತದಕ್ಕೆ?"

"ಸೈಟ್ ಸೀಯಿಂಗ್. ಮಡಿಕೇರಿ ತೋರಿಸ್ತೀನಿ."

ಅಮ್ಮ ಕೂಗಿದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. "ನಿನಗೆ ತಲೆ ಸರಿ ಇದ್ಯೇನೋ? ಹಸೀ ಬಾಣಂತೀನ ಈ ಮಂಜಲ್ಲಿ ಊರು ಸುತ್ತಿಸ್ತೀಯಾ? ಶೀತ ತಲೆಗೇರಿದ್ರೆ ನೀನು ನೋಡ್ಕೋತೀಯಾ? ಅದೂ ಮಡಿಕೇರಿ! ಅವಳೇನು ಮಡಿಕೇರಿ ನೋಡಿಲ್ವಾ? ಅಲ್ಲೇ ಕಾಲೇಜು ಓದಿಲ್ವಾ?"

"ಓದಿದಾಳೆ. ನೋಡಿಲ್ಲ," ಎಂದರು ಮಾವ.

ಇಬ್ಬರ ಜಗಳ ಕಾಲು ಗಂಟೆ ನಡೆಯಿತು. ಕೊನೆಗೆ ನಾನೇ ಎದ್ದೆ. ಆಸೆಯಿಂದಲ್ಲ. ಹೋಗುವುದಿಲ್ಲ ಎಂದು ವಾದಿಸುವುದಕ್ಕಿಂತ ಹೋಗಿಬರುವುದಕ್ಕೆ ಕಡಿಮೆ ಶಕ್ತಿ ಸಾಕು ಎನಿಸಿತು. ಅಮ್ಮ ಸೋತು, ನನ್ನ ಮೇಲೆ ಎರಡು ಸ್ವೆಟರು, ಒಂದು ಶಾಲು, ಒಂದು ಕಂಬಳಿ, ಕಿವಿಗೆ ಇನ್ನಷ್ಟು ಹತ್ತಿ ಹೇರಿದರು. ನಾನು ವ್ಯಾನು ಹತ್ತಿದೆ ಎನ್ನುವುದಕ್ಕಿಂತ ನನ್ನನ್ನು ಲೋಡು ಮಾಡಲಾಯಿತು ಎನ್ನುವುದೇ ಸರಿ.

ಹಿಂದಿನ ಸೀಟಿನಲ್ಲಿ ಮುದುಡಿ ಕೂತೆ. ಮಾವ ಕನ್ನಡಿ ಸರಿ ಮಾಡಿಕೊಂಡು, "ಮೇಡಂ, ಹೊರಡೋಣ್ವಾ?" ಎಂದರು. ತಮಾಷೆಗಲ್ಲ! ಸ್ಟೇರಿಂಗು ಹಿಡಿದರೆ ಅವರಿಗೆ ಹಿಂದೆ ಕೂತವರೆಲ್ಲ ಮೇಡಂ ಅಥವಾ ಸರ್.

ಮೊದಲು ರಾಜಾಸೀಟು. ಮಾವ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿ, "ಇಲ್ಲಿ ಇಪ್ಪತ್ತು ನಿಮಿಷ" ಎಂದು ಟವೆಲು ಹಾಸಿದರು. ನಾನೊಬ್ಬಳೇ ಇಳಿದೆ. ತೋಟದಲ್ಲಿ ನರಪಿಳ್ಳೆಯಿಲ್ಲ. ಪುಟಾಣಿ ರೈಲಿಗೆ ಟಾರ್ಪಾಲು ಹೊದೆಸಿ ಹಗ್ಗ ಕಟ್ಟಿದ್ದರು, ಅದಕ್ಕೂ ಯಾರೋ ಬಾಣಂತನ ಮಾಡುತ್ತಿರುವಂತಿತ್ತು. ಮಂಟಪ ದಾಟಿ ಕಂಬಿಯ ಹತ್ತಿರ ಹೋಗಿ ನಿಂತೆ. ಮುಂದೆ ಗುಡ್ಡಗಳಿಲ್ಲ, ಕಣಿವೆಯಿಲ್ಲ, ಗದ್ದೆಯಿಲ್ಲ, ಸಂಪಾಜೆಯ ಕಡೆ ಇಳಿಯುವ ರಸ್ತೆಯಿಲ್ಲ. ಬರೀ ಬಿಳಿ. ಜಗತ್ತು ಆ ಕಂಬಿಯಲ್ಲೇ ಮುಗಿದುಹೋದ ಹಾಗೆ. ಕಂಬಿಯಿಂದ ಹನಿ ತೊಟ್ಟಿಕ್ಕುವುದನ್ನು ನೋಡುತ್ತ ನಿಂತೆ. ನಿಮಗೆ ವಿಚಿತ್ರವೆನಿಸಬಹುದು, ಒಂದು ತಿಂಗಳಿನಿಂದ ಮೊದಲ ಸಲ ನನಗೆ ಯಾವುದರ ಮೇಲೂ ಸಿಟ್ಟು ಬರಲಿಲ್ಲ. ಬಿಸಿಲಿದ್ದಿದ್ದರೆ, ಹೂ ಅರಳಿದ್ದರೆ, ಮಕ್ಕಳು ಓಡಾಡಿಕೊಂಡಿದ್ದರೆ ಅಲ್ಲೇ ಕುಸಿಯುತ್ತಿದ್ದೆನೋ ಏನೋ. ಆ ಊರಿಗೂ ಅವತ್ತು ಬದುಕಲು ಮನಸ್ಸಿದ್ದಂತಿರಲಿಲ್ಲ.

ವಾಪಸ್ ಬಂದಾಗ ಮಾವ ಗಡಿಯಾರ ನೋಡಿಕೊಂಡರು. "ಹೇಗಿತ್ತು?"

"ಏನೂ ಕಾಣಲಿಲ್ಲ ಮಾವ."

"ಹ್ಞಾ, ಕರೆಕ್ಟು," ಎಂದು ಗಾಡಿ ಸ್ಟಾರ್ಟು ಮಾಡಿದರು. "ಈಗ ಅದೇ ಕಾಣೋದು."

ಇನ್ನೆರಡು ದಿನ ಬಿಟ್ಟು ಮತ್ತೆ ಹಾರ್ನು. ಈ ಸಲ ಕೋಟೆ. ಅಲ್ಲಿ ಗಾರೆಯಲ್ಲಿ ಮಾಡಿದ ಎರಡು ಆನೆಗಳಿವೆ, ಜೀವಂತ ಆನೆಯಷ್ಟೇ ದೊಡ್ಡವು. ಸೋನೆ ಮಳೆಯಲ್ಲಿ ನೆನೆಯುತ್ತ ನಿಂತಿದ್ದವು. ಬೆನ್ನಿನಿಂದ ನೀರು ಇಳಿಯುತ್ತಿತ್ತು. ನಾನೂ ಕೊಡೆ ಹಿಡಿದು ಅವುಗಳ ಪಕ್ಕ ನಿಂತೆ. ನಮ್ಮ ಮೂವರಿಗೂ ಅಲ್ಲಿ ನಿಲ್ಲಲು ಯಾವ ಕಾರಣವೂ ಇರಲಿಲ್ಲ! ಅಷ್ಟರಲ್ಲಿ ಒಂದು ಜೋಡಿ ಬಂತು. ಹೊಸ ಮದುವೆ ಇರಬೇಕು, ಹುಡುಗಿಯ ಕೈತುಂಬ ಬಳೆ. ಹುಡುಗ ನನ್ನ ಕೈಗೆ ಫೋನು ಕೊಟ್ಟು, "ಅಕ್ಕಾ, ಒಂದು ಫೋಟೋ ತೆಗೀತೀರಾ?" ಎಂದ. ಫೋನು ಹಿಡಿದೆ. ಈಗ "ಸ್ಮೈಲ್" ಎನ್ನಬೇಕಲ್ಲ? ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಇನ್ನೊಮ್ಮೆ ತೆರೆದೆ. ಅವರು ಕಾದರು. ನಾನು ಕಾದೆ. ಆನೆಗಳು ಕಾದವು. ಕೊನೆಗೆ ಸುಮ್ಮನೆ ಒತ್ತಿಬಿಟ್ಟೆ. ಹುಡುಗಿ ಫೋಟೋ ನೋಡಿ, "ಅಯ್ಯೋ, ನಾವಿಬ್ರೂ ಯಾರದೋ ತಿಥಿಗೆ ಬಂದ ಹಾಗಿದೀವಿ!" ಎಂದಳು.

ಇದನ್ನು ಮಾವನಿಗೆ ಹೇಳಿದಾಗ ಅವರು ಗಂಭೀರವಾಗಿ ತಲೆಯಾಡಿಸಿದರು. "ಮೇ ತಿಂಗಳಲ್ಲಿ ಬರ್ಬೇಕಿತ್ತು ಅವರು."

ಮೂರನೆಯ ಸಲ ಎಲ್ಲಿಗೆ ಕರೆದುಕೊಂಡು ಹೋದರೆಂದು ಹೇಳಿದರೆ ನೀವೂ ಅಮ್ಮನ ಪಕ್ಷ ಸೇರುತ್ತೀರಿ. ಗದ್ದುಗೆಗೆ! ಗದ್ದುಗೆ ಎಂದರೆ ರಾಜರ ಸಮಾಧಿಗಳು. ಮಗು ಕಳೆದುಕೊಂಡವಳ ಮನಸ್ಸು ತಿಳಿಯಾಗಲಿ ಎಂದು ಸಮಾಧಿ ತೋರಿಸುವವರು ಲೋಕದಲ್ಲಿ ಇನ್ನೆಷ್ಟು ಮಂದಿ ಇದ್ದಾರೋ ನಾನು ಕಾಣೆ. ಹುಲ್ಲು ಮೊಣಕಾಲೆತ್ತರ, ಗುಮ್ಮಟದ ಅರ್ಧ ಮಂಜಿನಲ್ಲಿ ಕರಗಿತ್ತು. ಒಂದು ನಾಯಿ ಮೆಟ್ಟಿಲ ಮೇಲೆ ಮಲಗಿ ನನ್ನನ್ನು ಒಮ್ಮೆ ನೋಡಿ, ಬೊಗಳುವಷ್ಟು ಮುಖ್ಯಳಲ್ಲ ಎಂದುಕೊಂಡು ಮತ್ತೆ ಕಣ್ಣು ಮುಚ್ಚಿತು. ಇಷ್ಟು ದೊಡ್ಡ ಕಲ್ಲುಗಳನ್ನು ಹೇರಿಟ್ಟರೂ ಸತ್ತವರು ಸತ್ತೇ ಇದ್ದಾರಲ್ಲ ಎಂದು ನನಗೆ ಅನ್ನಿಸಿತು. ಇನ್ನು ಕಲ್ಲೂ ಇಲ್ಲದವರ ಗತಿ? ಹದಿನೈದು ನಿಮಿಷ ಅಲ್ಲೇ ಕೂತು ಅತ್ತೆ. ಚೆನ್ನಾಗಿ, ದನಿ ತೆಗೆದು ಅತ್ತೆ. ಮನೆಯಲ್ಲಿ ಅಳಲು ಹೊರಟರೆ ಅಮ್ಮ ಕಷಾಯ ತರುತ್ತಿದ್ದರು. ಇಲ್ಲಿ ಆ ತೊಂದರೆಯಿರಲಿಲ್ಲ.

ಸಂಜೆ ಅಮ್ಮನಿಗೆ ವಿಷಯ ಗೊತ್ತಾಯಿತು. "ಅಲ್ವೋ! ಈ ಸ್ಥಿತೀಲಿ ಇರೋಳನ್ನ ಗೋರಿ ತೋರಿಸೋಕೆ ಕರ್ಕೊಂಡು ಹೋಗಿದ್ಯಲ್ಲೋ! ನಿನಗೆ ಬೇರೆ ಜಾಗವೇ ಸಿಗಲಿಲ್ವಾ?"

"ಅಲ್ಲಿ ಪಾರ್ಕಿಂಗ್ ಚೆನ್ನಾಗಿದೆ ಅಕ್ಕಾ," ಎಂದರು ಮಾವ.

ಆ ರಾತ್ರಿ ಅಮ್ಮ ತಮ್ಮನನ್ನು ಊಟಕ್ಕೆ ಕರೆಯಲಿಲ್ಲ. ಆದರೆ ಒಂದು ವಿಷಯ ಹೇಳಬೇಕು. ಅವತ್ತು ನಾನು ಒಂದು ತುತ್ತು ಹೆಚ್ಚು ಉಂಡೆ. ಅಮ್ಮ ಅದನ್ನು ನೋಡಿಯೂ ನೋಡದವರಂತೆ ಇದ್ದರು. ಮತ್ತೆ ಹಾರ್ನು ಕೇಳಿದಾಗ ಬೈಗುಳ ಸ್ವಲ್ಪ ಚಿಕ್ಕದಾಗಿತ್ತು, ಸ್ವೆಟರು ಒಂದು ಕಡಿಮೆಯಾಗಿತ್ತು.

ಅವತ್ತು ಮಾವ ಯಾವ ಪಟ್ಟಿಯಲ್ಲೂ ಇಲ್ಲದ ಜಾಗಕ್ಕೆ ಒಯ್ದರು. ಮಡಿಕೇರಿ ದಸರೆಯಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ಹೊರಡುತ್ತವೆ, ಟ್ರ್ಯಾಕ್ಟರಿನ ಮೇಲೆ ದೇವಿ ರಾಕ್ಷಸರನ್ನು ಕೊಲ್ಲುವ ಆಟ. ಅದೆಲ್ಲ ಮುಗಿದ ಮೇಲೆ ಆ ರಾಕ್ಷಸರು ಎಲ್ಲಿಗೆ ಹೋಗುತ್ತಾರೆಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ? ಊರಾಚೆಯ ಒಂದು ಶೆಡ್ಡಿನ ಹಿಂದೆ ಬಿದ್ದಿರುತ್ತಾರೆ! ಮಾವನ ಪರಿಚಯದವರ ಶೆಡ್ಡು. ಎರಡಾಳೆತ್ತರದ ಒಬ್ಬ ರಾಕ್ಷಸ ಬೇಲಿಗೆ ಒರಗಿ ಕೂತಿದ್ದ. ಥರ್ಮೊಕೋಲಿನ ಎದೆ ಬಿರಿದು ಒಳಗಿನ ಕಬ್ಬಿಣದ ಸರಳು ಕಾಣುತ್ತಿತ್ತು. ಒಂದು ಕೈಯಿರಲಿಲ್ಲ. ಬಣ್ಣ ಮಳೆಗೆ ಇಳಿದು ಕಣ್ಣೀರಿನಂತೆ ಕೆನ್ನೆಯ ಮೇಲೆ ಗೆರೆ ಬಿದ್ದಿತ್ತು. ಬಾಯಲ್ಲಿ ಮಾತ್ರ ಹಲ್ಲುಗಳು ಇನ್ನೂ ಭಯಂಕರವಾಗಿದ್ದವು.

ಇಲ್ಲಿಗೆ ನಿಮಿಷದ ಲೆಕ್ಕವಿರಲಿಲ್ಲವೋ ಏನೋ, ಮಾವನೂ ಇಳಿದು ಬಂದಿದ್ದರು. ಬೀಡಿ ಹಚ್ಚಿ ರಾಕ್ಷಸನನ್ನೇ ನೋಡುತ್ತ ಹೇಳಿದರು: "ಇವನ ಕಥೆ ನೋಡು. ಮೂರು ತಿಂಗಳು ಹತ್ತು ಜನ ಸೇರಿ ಮಾಡಿದ್ರು. ಒಂದು ರಾತ್ರಿಗೆ ಸತ್ತ. ಆಮೇಲೆ ಯಾರಿಗೂ ಬೇಡ."

ಹೇಳಿದ ಮೇಲೆ ಅವರಿಗೇ ಏನೋ ಹೊಳೆದಿರಬೇಕು. ಬೀಡಿ ಕೆಳಗೆ ಹಾಕಿ, ಒದ್ದೆ ನೆಲಕ್ಕೆ ಅದು ಆರಿಹೋಗಿದ್ದರೂ ಎರಡು ಮೂರು ಸಲ ತುಳಿದರು. "ಚಳಿ ಜಾಸ್ತಿ ಆಯ್ತು, ನಡಿ ನಡಿ," ಎಂದು ನನ್ನನ್ನು ದೂಡಿಕೊಂಡೇ ಹೊರಟರು. ವ್ಯಾನಿನಲ್ಲಿ ಕೂತ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ಬಾಯಿ ತೆರೆದರು, ಮುಚ್ಚಿದರು. ಇನ್ನೊಂದು ಸಲ ತೆರೆದರು. "ಹಿಂದೆ ಕಿಟಕಿ ಮುಚ್ಚಿದೆಯಾ?" ಎಂದು ಕೇಳಿದರು. ಮುಚ್ಚಿಯೇ ಇತ್ತು.

ಹೀಗೆ ಮೂರು ವಾರ. ದಿನ ಬಿಟ್ಟು ದಿನ ಆ ಸುಂಟಿಕೊಪ್ಪ ಮಡಿಕೇರಿ ರಸ್ತೆಯಲ್ಲಿ ಹೋದೆವು, ಬಂದೆವು. ಇಕ್ಕೆಲದ ತೋಟಗಳಲ್ಲಿ ಕಾಫಿ ಹಣ್ಣು ಕೆಂಪಾಗತೊಡಗಿತ್ತು. ನೋಡಿದ ಜಾಗಗಳನ್ನೇ ಮತ್ತೆ ನೋಡಿದೆವು, ಅಂದರೆ ನಾನು ನೋಡಿದೆ, ಮಾವ ಟವೆಲಿನ ಮೇಲೆ ಮಲಗಿದರು. ನನ್ನ ಸ್ಥಿತಿ ಸುಧಾರಿಸಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಂಚದ ಮೇಲೆ ಮಲಗಿ ಗೋಡೆ ನೋಡುತ್ತಿದ್ದವಳು ಈಗ ಎದ್ದು ನಿಂತು ಮಂಜು ನೋಡುತ್ತಿದ್ದೆ, ಅಷ್ಟೇ ವ್ಯತ್ಯಾಸ. ಆದರೆ ಆ ಖಾಲಿ ಊರಿನ ಮೇಲೆ ಒಂದು ರೀತಿಯ ಪ್ರೀತಿ ಹುಟ್ಟಿತ್ತು. ಅದು ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಕೇಳುವವರು ಮನುಷ್ಯರು. ಓಂಕಾರೇಶ್ವರ ದೇವಸ್ಥಾನಕ್ಕೆ ಹೋದ ದಿನ ಅದು ತಿಳಿಯಿತು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಎಸೆಯುತ್ತಿದ್ದೆ. ಮಂಜು ನೀರಿಗೆ ತಾಗುವಂತೆ ಇಳಿದಿತ್ತು. ನಡುವಿನ ಮಂಟಪ ತೇಲುತ್ತಿರುವಂತೆ ಕಾಣುತ್ತಿತ್ತು. ಬಾಯಿ ಬಾಯಿ ಬಿಡುತ್ತ ಮೀನುಗಳು ಮೇಲೆ ಬರುತ್ತಿದ್ದವು. ಯಾರೋ ಒಬ್ಬ ಹಿರಿಯ ಹೆಂಗಸು ಪಕ್ಕದಲ್ಲಿ ಬಂದು ಕೂತರು. ಒಳ್ಳೆಯ ಮುಖ, ಹಣೆಯಲ್ಲಿ ಅಗಲ ಕುಂಕುಮ. ನನ್ನ ಮಫ್ಲರು, ಕಿವಿಯ ಹತ್ತಿ ನೋಡಿ ನಕ್ಕರು.

"ಬಾಣಂತಿಯಾ ಮಗಳೇ? ಕೂಸನ್ನ ಯಾರ ಹತ್ರ ಬಿಟ್ಟು ಬಂದೆ? ಹಾಲಿಗೆ ಅಳಲ್ವಾ?"

ಅವರ ತಪ್ಪೇನಿಲ್ಲ. ಆ ಪ್ರಶ್ನೆಗೆ ಜಗತ್ತಿನಲ್ಲಿ ಏನಾದರೂ ಉತ್ತರವಿದ್ದರೆ ಹೇಳಿಬಿಡುತ್ತಿದ್ದೆ. ಪುರಿಯ ಪೊಟ್ಟಣ ಪೂರ್ತಿ ನೀರಿಗೆ ಬಿತ್ತು. ಎದ್ದು ಓಡಿದೆ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ವ್ಯಾನಿನ ಬಾಗಿಲು ಎಳೆದು ಒಳಗೆ ಬಿದ್ದೆ.

ಟವೆಲಿನಿಂದ ತಲೆಯೆತ್ತಿದ ಮಾವ ಅಭ್ಯಾಸಬಲದಿಂದ, "ಇನ್ನೂ ಇಪ್ಪತ್ತೈದು ನಿಮಿಷ ಇದೆ..." ಎಂದವರು, ನನ್ನ ಮುಖ ನೋಡಿ ಕೀಲಿ ತಿರುಗಿಸಿದರು. ಗಾಡಿ ಹೊರಟಿತು. ಪೇಟೆ ದಾಟಿತು, ಸುಂಟಿಕೊಪ್ಪದ ರಸ್ತೆ ಹಿಡಿಯಿತು. ಮಧ್ಯಾಹ್ನ ಮೂರು ಗಂಟೆಗೇ ಹೆಡ್‌ಲೈಟು ಹಾಕಿಕೊಂಡು ವಾಹನಗಳು ತೆವಳುತ್ತಿದ್ದವು. ಎರಡು ಮೂರು ತಿರುವು ಕಳೆದ ಮೇಲೆ ನನ್ನೊಳಗಿಂದ ಏನೋ ಸ್ಫೋಟಿಸಿತು. ಆ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ.

"ಸಾಕು ಮಾವ! ನಾಳೆಯಿಂದ ಬರಬೇಡಿ. ಏನು ತೋರಿಸ್ತಾ ಇದೀರಾ ನೀವು ನನಗೆ? ಏನಿದೆ ಅಲ್ಲಿ? ಎಲ್ಲಿಗೆ ಹೋದ್ರೂ ಏನೂ ಕಾಣಲ್ಲ! ಯಾಕೆ ಹೀಗೆ ಎಳ್ಕೊಂಡು ತಿರುಗ್ತೀರಾ? ನನ್ನನ್ನ ಸುಮ್ಮನೆ ಬಿಟ್ಟುಬಿಡಿ, ನಾನು ಸತ್ತರೂ ಪರವಾಗಿಲ್ಲ!"

ಮಾವ ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸಿದರು. ಎಂಜಿನ್ ಆರಿಸಿದರು. ಒಂದು ಬದಿಗೆ ತೋಟದ ಬೇಲಿ, ಇನ್ನೊಂದು ಬದಿಗೆ ಏನೂ ಇಲ್ಲ, ಬರೀ ಮಂಜು. ಅವರು ಹಿಂದಕ್ಕೆ ತಿರುಗಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು. ವೈಪರು ಅರ್ಧದಲ್ಲಿ ನಿಂತಿತ್ತು.

"ನಾನು ನೋಡಿದೀನಿ ಪುಟ್ಟಿ," ಎಂದರು.

"ಏನನ್ನ?"

"ಮಗೂನ."

ನಾನು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡೆ.

"ನಿನ್ನ ಯಜಮಾನರಿಗೆ ಆಗಲಿಲ್ಲ. ಪಾಪ, ಆಸ್ಪತ್ರೆ ಮೆಟ್ಟಿಲ ಮೇಲೆ ತಲೆ ಹಿಡ್ಕೊಂಡು ಕೂತುಬಿಟ್ಟಿದ್ರು. ನರ್ಸಮ್ಮ ನನ್ನ ಕೈಗೆ ಕೊಟ್ಟರು. ಬಿಳೀ ಬಟ್ಟೇಲಿ ಸುತ್ತಿದ್ರು. ನಾನು ಇಲ್ಲೇ, ಈ ಸೀಟಲ್ಲೇ ಕೂತ್ಕೊಂಡೆ, ತೊಡೆ ಮೇಲೆ ಇಟ್ಕೊಂಡು. ಬೇಗ ತಗೊಂಡು ಹೋಗಿ ಮುಗಿಸು ಅಂತ ಎಲ್ಲರೂ ಹೇಳಿದ್ರು. ನನಗೆ ಗಾಡಿ ಸ್ಟಾರ್ಟ್ ಮಾಡೋಕೆ ಕೈ ಬರಲಿಲ್ಲ. ತುಂಬಾ ಹೊತ್ತು ಕೂತಿದ್ದೆ. ಬಟ್ಟೆ ತೆಗೆದು ನೋಡಿದೆ. ಯಾರಾದ್ರೂ ಒಬ್ರು ಸರಿಯಾಗಿ ನೋಡ್ಬೇಕಲ್ಲ ಅಂತ ಅನ್ನಿಸ್ತು. ನಾಳೆ ನೀನು ಕೇಳಿದ್ರೆ ಹೇಳೋಕಾದ್ರೂ."

ಅವರ ಬೆನ್ನು ಅಲುಗುತ್ತಿತ್ತು.

"ನೀನು ಕೇಳ್ತೀಯ ಅಂತ ಕಾಯ್ತಾ ಇದ್ದೆ. ಮನೇಲಿ ಅಕ್ಕ ಇರ್ತಾಳೆ, ಬಂದೋರು ಹೋದೋರು ಇರ್ತಾರೆ. ಹೊರಗೆ ಕರ್ಕೊಂಡು ಹೋದ್ರೆ ಕೇಳ್ತಾಳೇನೋ ಅಂತ ಕರ್ಕೊಂಡು ಬಂದೆ. ನೀನು ಕೇಳಲೇ ಇಲ್ಲ. ಹೇಳೋಣ ಅಂದ್ರೆ ನನಗೆ ಶುರು ಮಾಡೋಕೆ ಬರಲ್ಲ. ದಿನಾ ಇವತ್ತು ಹೇಳ್ತೀನಿ ಅಂತಾನೇ ಹೊರಡ್ತಿದ್ದೆ."

ನಾನು ಹಿಂದಿನ ಸೀಟಿನಿಂದ ಇಳಿದು, ಮಂಜಿನಲ್ಲಿ ಗಾಡಿಯನ್ನು ಬಳಸಿ ಬಂದು, ಮುಂದಿನ ಬಾಗಿಲು ತೆಗೆದು ಅವರ ಪಕ್ಕದಲ್ಲಿ ಕೂತೆ.

"ಹೇಗಿತ್ತು ಮಾವ?"

"ಕೂದಲಿತ್ತು. ತುಂಬಾ ಕೂದಲಿತ್ತು, ಹಣೆವರೆಗೂ ಬಂದಿತ್ತು. ಕಪ್ಪಗೆ, ಒದ್ದೆಯಾಗಿ. ಕಿವಿ ನಿಂದೇ, ನೀನು ಹುಟ್ಟಿದಾಗ್ಲೂ ನೋಡಿದೀನಲ್ಲ, ಹೀಗೇ ಮೇಲೆ ಒಂಚೂರು ಮಡಚಿತ್ತು. ಬಲಗೈ ಮುಷ್ಟಿ ಹಿಡಿದಿತ್ತು. ಎಡಗೈ ಬಿಚ್ಚಿತ್ತು, ಬೆರಳು ಉದ್ದ ಉದ್ದ. ಕೆನ್ನೆ ಅವರಪ್ಪಂದು ಇರ್ಬೇಕು."

"ಕಣ್ಣು?"

"ಮುಚ್ಚಿತ್ತು." ಮಾವ ಆಗ ಮೊದಲ ಸಲ ನನ್ನ ಕಡೆ ತಿರುಗಿದರು. "ನಿದ್ದೆ ಮಾಡಿದ ಹಾಗಿತ್ತು ಅಂತ ಸುಳ್ಳು ಹೇಳಲ್ಲ ಪುಟ್ಟಿ. ಹಾಗಿರಲಿಲ್ಲ. ಆದ್ರೆ ಚೆಂದ ಇತ್ತು. ತುಂಬಾ ಚೆಂದ ಇತ್ತು."

ಲಾರಿಯೊಂದು ದೀಪ ಹಾಕಿಕೊಂಡು ನಮ್ಮನ್ನು ದಾಟಿ ಹೋಯಿತು.

"ಇನ್ನೊಂದ್ಸಲ ಹೇಳಿ ಮಾವ," ಎಂದೆ.

ಮಾವ ಮೂಗೊರೆಸಿಕೊಂಡು ಕೂದಲಿನಿಂದ ಶುರು ಮಾಡಿದರು.